ಬುಡಾಪೆಸ್ಟ್ ಗ್ಯಾಂಬಿಟ್: ಟ್ರ್ಯಾಪ್ ಆಸೆ ಬಿಟ್ಟ ಮೇಲೆ ಪಾಯಿಂಟ್ ಬಂತು

ಚೆಸ್‌ನಲ್ಲಿ ಕಪ್ಪು ಕಾಯಿಯವರು ಒಂದು ಪಾನ್ ಬಲಿಕೊಟ್ಟು ಶುರುಮಾಡುವ ಓಪನಿಂಗ್ ಇದು: 1.ಡಿ4 ನೈಟ್ ಎಫ್6 2.ಸಿ4 ಇ5 (ಪ್ರತಿ ಅಂಕಿಯ ನಂತರ ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು; × ಅಂದರೆ ಹೊಡೆಯುವುದು). ಕೆಲವೇ ನಿಮಿಷದ ಬ್ಲಿಟ್ಜ್‌ಗೆ ಸರಿ, ಗಂಟೆಗಟ್ಟಲೆ ನಡೆಯುವ ಕ್ಲಾಸಿಕಲ್‌ನಲ್ಲಿ ಉಳಿಯಲ್ಲ ಅಂತ ಎಲ್ಲರೂ ಹೇಳಿದ್ದರು. ಸುಮಾರು ಮೂವತ್ತು ರೇಟೆಡ್ ಆಟ ಆದವು, ಕಪ್ಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಯಿಂಟ್ ಕೈಗೆ ಬಂದಿದೆ.

ಮೊದಮೊದಲು ಸೋತಿದ್ದು ಕೀನಿಂಗರ್ ಟ್ರ್ಯಾಪ್ ಆಸೆಗೆ. 3.ಡಿ×ಇ5 ನೈಟ್ ಜಿ4 4.ಬಿಷಪ್ ಎಫ್4 ನೈಟ್ ಸಿ6 5.ನೈಟ್ ಎಫ್3 ಬಿಷಪ್ ಬಿ4 ಚೆಕ್ 6.ಬಿ ನೈಟ್ (ಬಿ ಸಾಲಿನ ನೈಟ್) ಡಿ2 ಕ್ವೀನ್ ಇ7 7.ಎ3 ಜಿ ನೈಟ್×ಇ5. ಈಗ 8.ಎ×ಬಿ4 ಹೊಡೆದರೆ ನೈಟ್ ಡಿ3 ಮೇಟ್. ಇ2 ಪಾನ್ ಪಿನ್ ಆಗಿದೆ, ಸರಿದರೆ ರಾಜನಿಗೆ ಇ7 ಕ್ವೀನ್‌ನ ಚೆಕ್, ಹಾಗಾಗಿ ಅದು ನೈಟ್ ಹೊಡೆಯಲಾಗದು. 8.ನೈಟ್×ಇ5 ನೈಟ್×ಇ5 ಆದಮೇಲೂ ಅದೇ ಮೇಟ್ ಇದೆ. ಆದರೆ ತಿಳಿದವರು 9.ಇ3 ಆಡುತ್ತಾರೆ, ನಾವು ಬಿಷಪ್×ಡಿ2 ಹೊಡೀತೀವಿ, ಬಿಳಿಗೆ ಎರಡೂ ಬಿಷಪ್ ಉಳಿಯುತ್ತವೆ. ಇಲ್ಲಿ ನಾನು ಡಿ5 ತಳ್ಳಿ ಬೋರ್ಡ್ ತೆರೆದುಕೊಟ್ಟು ಸೋಲುತ್ತಿದ್ದೆ. ಈಗ ಡಿ6, ಕ್ಯಾಸಲಿಂಗ್, ಬಿ6, ಬಿಷಪ್ ಬಿ7. ಬಿಳಿ ಬಿ4 ತಳ್ಳಿದ ತಕ್ಷಣ ಎ5. ಸಿ5 ಆಡಲು ಬಿಡಬಾರದು, ಇ5 ನೈಟ್ ಸಿ4 ಪಾನ್ ಮೇಲೆ ಕಣ್ಣಿಟ್ಟೇ ಇರಬೇಕು.

ಅದೇ ಸಾಲಿನಲ್ಲಿ ಡಿ2 ಬದಲು 6.ನೈಟ್ ಸಿ3 ಬಂದರೆ ಇನ್ನೂ ಸಂತೋಷ. ಕ್ವೀನ್ ಇ7 7.ಕ್ವೀನ್ ಡಿ5 ಬಿಷಪ್×ಸಿ3 8.ಬಿ×ಸಿ3 ಕ್ವೀನ್ ಎ3, ಆಮೇಲೆ ಎಫ್6. 1918ರಲ್ಲಿ ಬರ್ಲಿನ್‌ನಲ್ಲಿ ಆ ಕಾಲದ ದೊಡ್ಡ ಆಟಗಾರ ವಿಡ್ಮಾರ್ ಇದೇ ದಾರಿಯಲ್ಲಿ ಇನ್ನೊಬ್ಬ ದೊಡ್ಡ ಆಟಗಾರ ರೂಬಿನ್‌ಸ್ಟೈನ್‌ರನ್ನು ಸೋಲಿಸಿದ್ದು. ಒಂದು ಪಾನ್ ಕಡಿಮೆ ಇದ್ದರೂ ಸಿ3, ಸಿ4ರಲ್ಲಿ ಒಂದರ ಹಿಂದೊಂದು ನಿಂತ ಡಬಲ್ ಪಾನ್ ಎಂಡ್‌ಗೇಮ್‌ವರೆಗೂ ಬಿಳಿಗೆ ಹೊರೆ.

4.ನೈಟ್ ಎಫ್3ಗೆ ಬಿಷಪ್ ಸಿ5 5.ಇ3 ನೈಟ್ ಸಿ6, ಮುಂದೆ ಎ5, ರೂಕ್ ಎ6, ಅಲ್ಲಿಂದ ಎಚ್6. ರೂಕ್ ಎಚ್6ಗೆ ಹೋದ ಕ್ಷಣ ಎ5 ಪಾನ್‌ಗೆ ಕಾವಲಿಲ್ಲ. ಅದನ್ನು ಮರೆತು ಎರಡು ಆಟ ಕಳೆದುಕೊಂಡೆ.

4.ಬಿಷಪ್ ಎಫ್4ಗೆ ಜಿ5 ಕೂಡ ಒಂದಿಷ್ಟು ದಿನ ಪ್ರಯತ್ನಿಸಿದೆ. 5.ಬಿಷಪ್ ಡಿ2 ಆಡಿದರೆ ಎಫ್5 ಮನೆ ಶಾಶ್ವತವಾಗಿ ತೂತು, ಜಿ ಪಾನ್ ಇನ್ನು ಅದನ್ನು ಕಾಯಲಾಗದು. ರ‍್ಯಾಪಿಡ್‌ಗಷ್ಟೇ ಇಟ್ಟುಕೊಂಡಿದ್ದೇನೆ.

ಈ ಓಪನಿಂಗ್ ಕಲಿಯಲು ಕೋರ್ಸ್‌ಗೆ ಕೊಟ್ಟ ಮೂರು ಸಾವಿರ ದಂಡ. ಆನ್‌ಲೈನ್ ಚೆಸ್ ತಾಣ ಲಿಚೆಸ್‌ನ ಡೇಟಾಬೇಸ್ ಪುಕ್ಕಟೆ, ಅದರಲ್ಲೇ ನಮ್ಮ ರೇಟಿಂಗ್‌ನವರು ಏನಾಡುತ್ತಾರೆ ಅಂತ ಕಾಣುತ್ತದೆ. ಆ ದುಡ್ಡಿಗೆ ಎರಡು ಟೂರ್ನಿ ಎಂಟ್ರಿ ಫೀ ಆಗುತ್ತಿತ್ತು. ಲಂಡನ್ (ಡಿ4, ಬಿಷಪ್ ಎಫ್4ರ ಓಪನಿಂಗ್) ಆಡುವವರು ಸಾಮಾನ್ಯವಾಗಿ ಸಿ4 ತಳ್ಳುವುದಿಲ್ಲ, ಅವರಿಗೆ ಬೇರೆ ತಯಾರಿ ಬೇಕು.

4.ಇ4 ನೈಟ್×ಇ5 5.ಎಫ್4ಗೆ ನೈಟ್ ಸಿ6ಕ್ಕೆ ವಾಪಸ್. ಅಲ್ಲಿಂದ ಮುಂದಿನ ನನ್ನ ನಡೆ ಮುಂದಿನ ಟೂರ್ನಿ ಮುಗಿಯುವವರೆಗೆ ಹೇಳುವುದಿಲ್ಲ.