ಗಿರಾಕಿ ಮುನಿಸಿಕೊಳ್ಳದ ಹಾಗೆ ಕಾರು ಮಾರುವುದು ಹೇಗೆ?

ಶನಿವಾರ ಸಂಜೆ ಬೆಂಗಳೂರಿನ ಯಾವುದಾದರೂ ಕಾರ್ ಶೋರೂಮಿಗೆ ಹೋಗಿ ಮೂಲೆಯಲ್ಲಿ ಕೂತು ನೋಡಿ. ಗಂಡ, ಹೆಂಡತಿ, ಅಜ್ಜಿ, ಸ್ಟೀರಿಂಗ್ ಬಿಡದ ಮಗು. ಅಜ್ಜಿಯೇ ಕೇಳುತ್ತಾರೆ, "ಎಲ್ಲಾ ಸೇರಿ ಎಷ್ಟಾಗುತ್ತಪ್ಪ?" ಎದುರಿನ ಹುಡುಗ ನಗುತ್ತಾನೆ. "ಬೆಸ್ಟ್ ಪ್ರೈಸ್ ಮಾಡಿಸ್ಕೊಡ್ತೀನಿ ಅಮ್ಮ, ಮೊದ್ಲು ಬುಕ್ ಮಾಡಿ." ಕೆಲಸ ಕೆಡುವುದು ಅಲ್ಲೇ.

ಹದಿನೆಂಟು ವರ್ಷ ಆ ಹುಡುಗನ ಕುರ್ಚಿಯಲ್ಲಿ ನಾನೂ ಕೂತಿದ್ದೆ. ಮೊದಲು ಮೈಸೂರು ರಸ್ತೆ, ಆಮೇಲೆ ಹೊಸೂರು ರಸ್ತೆ, ಕೊನೆಗೆ ರಿಂಗ್ ರೋಡು. ಈಗ ಹೊಸದಾಗಿ ಸೇರಿದವರಿಗೆ ಕೆಲಸ ಹೇಳಿಕೊಡುತ್ತೇನೆ. ಕಾರು ಚೆನ್ನಾಗಿಲ್ಲ ಎಂದು ಜಗಳ ಆಡಿದವರನ್ನು ನಾನು ನೋಡಿದ್ದು ಬೆರಳೆಣಿಕೆ. "ಇದನ್ನ ಮೊದ್ಲೇ ಯಾಕ್ರೀ ಹೇಳ್ಲಿಲ್ಲ?" ಎಂದು ಟೇಬಲ್ ಕುಟ್ಟಿದವರಿಗೆ ಲೆಕ್ಕವಿಲ್ಲ. ಅದಕ್ಕೇ ಈ ಲೇಖನ. ಮಾರುವವರಿಗೆ ಬರೆದಿದ್ದು, ಕೊಳ್ಳುವವರು ಓದಿದರೂ ನಷ್ಟವಿಲ್ಲ.

ಹೆಜ್ಜೆ 1: ಮೊದಲು ಕೇಳಿ

ಕೂರಿಸಿ, ನೀರು ಕೊಡಿ. ಅವರು ಯಾವ ಭಾಷೆಯಲ್ಲಿ ಬಾಯಿ ತೆರೆದರೋ ಅದೇ ಭಾಷೆಯಲ್ಲಿ ಮಾತಾಡಿ. ತುಮಕೂರಿನಿಂದ ಮಗನ ಜೊತೆ ಬಂದ ಅಪ್ಪನಿಗೆ ಇಂಗ್ಲಿಷಿನಲ್ಲಿ ಫೀಚರ್ ಒಪ್ಪಿಸುವವರನ್ನು ನೋಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ದುಡ್ಡು ಆ ಅಪ್ಪನದೇ ಆಗಿರುತ್ತದೆ!

ಮೂರು ಪ್ರಶ್ನೆ ಸಾಕು. ಓಡಿಸುವವರು ಯಾರು? ಎಲ್ಲಿ ನಿಲ್ಲಿಸುತ್ತೀರಿ? ತಿಂಗಳಿಗೆ ಎಷ್ಟು ಕಿಲೋಮೀಟರ್? ಮೊದಲನೆಯ ಪ್ರಶ್ನೆ ಕೇಳದೆ ಗಂಡನ ಕಡೆ ತಿರುಗಿ ಅರ್ಧ ಗಂಟೆ ಎಂಜಿನ್ ಬಗ್ಗೆ ಮಾತಾಡಿದ್ದೆ ಒಮ್ಮೆ. ಆ ಮನುಷ್ಯನಿಗೆ ಲೈಸೆನ್ಸೇ ಇರಲಿಲ್ಲ. ಕಾರು ಬೇಕಿದ್ದದ್ದು ಹೆಂಡತಿಗೆ. ಆಕೆ ಒಂದು ಮಾತೂ ಆಡದೆ ಎದ್ದು ಪಕ್ಕದ ಶೋರೂಮಿಗೆ ಹೋದರು.

ಹೆಜ್ಜೆ 2: ಟೆಸ್ಟ್ ಡ್ರೈವ್ ಅವರ ಮನೆಯಿಂದ

ಪ್ರತಿ ಶೋರೂಮಿಗೂ ಒಂದು ಕಾಯಂ ರೂಟ್ ಇರುತ್ತದೆ. ನುಣ್ಣಗಿನ ರಸ್ತೆ, ಎರಡು ಸಿಗ್ನಲ್, ಒಂದು ಯೂಟರ್ನ್, ವಾಪಸ್. ಅದನ್ನು ಮರೆತುಬಿಡಿ. ಕಾರನ್ನು ಅವರ ಮನೆಗೇ ತೆಗೆದುಕೊಂಡು ಹೋಗಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಳಿಜಾರಿನಲ್ಲಿ ಹತ್ತಿಸಿ ಇಳಿಸಲಿ. ಐದು ಜನ ಕೂತು ಅವರ ಬೀದಿಯ ಹಂಪ್ ದಾಟಲಿ. ತಳ ತಗುಲಿದರೆ ಅಲ್ಲೇ ಗೊತ್ತಾಗಲಿ. ಅಜ್ಜಿ ಹಿಂದಿನ ಸೀಟಿಗೆ ಹತ್ತಿ ಇಳಿಯಲಿ. ಮಂಡಿ ನೋವಿನವರಿಗೆ ಸೀಟಿನ ಎತ್ತರ ಸನ್‌ರೂಫಿಗಿಂತ ಮುಖ್ಯ.

ಮೈಲೇಜ್ ಕೇಳಿಯೇ ಕೇಳುತ್ತಾರೆ. ಎಆರ್‌ಎಐ (ಗಾಡಿಗಳನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಅಂಕಿ ಲ್ಯಾಬಿನಲ್ಲಿ ರೋಲರ್ ಮೇಲೆ ಓಡಿಸಿ ತೆಗೆದದ್ದು. ಅದನ್ನು ಹಾಗೆಂದೇ ಹೇಳಿ. ಸಿಲ್ಕ್ ಬೋರ್ಡಿನಲ್ಲಿ ದಿನಾ ನಿಲ್ಲುವ ನಿಮ್ಮ ಹಳೇ ಗಿರಾಕಿಗೆ ಎಷ್ಟು ಬರುತ್ತಿದೆಯೋ ಅದನ್ನೂ ಹೇಳಿ.

ಹೆಜ್ಜೆ 3: ಬೆಲೆಯ ಹಾಳೆ

ಎಲ್ಲರೂ ಎಡವುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

2017ರಲ್ಲಿ ವಿಜಯನಗರದ ಒಬ್ಬ ನಿವೃತ್ತ ಮೇಷ್ಟ್ರಿಗೆ ಕಾರು ಮಾರಿದ್ದೆ. ಅವರು ಎಫ್‌ಡಿ ಮುರಿಸಿ, ನಾನು ಬಾಯಲ್ಲಿ ಹೇಳಿದ ಮೊತ್ತವನ್ನು ರೂಪಾಯಿಗೆ ರೂಪಾಯಿ ಹೊಂದಿಸಿಕೊಂಡು ಬಂದಿದ್ದರು. ಡೆಲಿವರಿ ದಿನ ಕೊನೇ ಬಿಲ್ಲಿನಲ್ಲಿ ಟಿಸಿಎಸ್ (ಮಾರುವವರೇ ಗಿರಾಕಿಯಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಇನ್‌ಕಮ್ ಟ್ಯಾಕ್ಸ್) ಒಂದು, ಹ್ಯಾಂಡ್ಲಿಂಗ್ ಚಾರ್ಜ್ ಇನ್ನೊಂದು ಇಣುಕಿದವು. ಮೇಷ್ಟ್ರು ಜಗಳ ಆಡಲಿಲ್ಲ. ಎಟಿಎಂಗೆ ಹೋಗಿ ಬಂದು, "ದುಡ್ಡು ಹೋಗ್ಲಿ ಬಿಡಪ್ಪ, ಹೆಂಡತಿ ಮುಂದೆ ನನ್ನ ದಡ್ಡನ್ನ ಮಾಡ್ಬಿಟ್ಟೆಯಲ್ಲ" ಎಂದರು. ಅವತ್ತಿನಿಂದ ನಾನು ಹಾಳೆ ಬರೆಯುವ ರೀತಿ ಬದಲಾಯಿತು.

ಕಂಪ್ಯೂಟರ್ ಕೊಟೇಶನ್ ಬೇಡ, ನೀಲಿ ಪೆನ್ನಿನಲ್ಲಿ ಕೈಯಲ್ಲೇ ಬರೆಯಿರಿ. ಇದು ನನ್ನ ಹಟ ಅಂತಲೇ ಅಂದುಕೊಳ್ಳಿ. ಪ್ರಿಂಟ್ ಆದ ಹಾಳೆಯನ್ನು ಯಾರೂ ಓದುವುದಿಲ್ಲ. ಕಣ್ಣೆದುರು ಬರೆಯುವ ಪ್ರತಿ ಸಾಲಿಗೂ ಗಿರಾಕಿ "ಇದೇನು?" ಎನ್ನುತ್ತಾರೆ. ಅವರು ಕೇಳಲಿ ಅಂತಲೇ ನಾವು ಬರೆಯುವುದು.

ಹಾಳೆಯಲ್ಲಿ ಮೂರು ಭಾಗ ಮಾಡಿ: ಸರ್ಕಾರಕ್ಕೆ ಹೋಗುವ ದುಡ್ಡು, ಇನ್ಶೂರೆನ್ಸ್‌ಗೆ ಹೋಗುವ ದುಡ್ಡು, ಬೇಕಿದ್ದರೆ ಮಾತ್ರ ಕೊಡುವ ದುಡ್ಡು. ಇವುಗಳ ತಲೆಯ ಮೇಲೆ ಎಕ್ಸ್‌ಶೋರೂಮ್ ಬೆಲೆ, ಅಂದರೆ ನೋಂದಣಿ, ಇನ್ಶೂರೆನ್ಸ್ ಸೇರದ ಬೆಲೆ. ಜಿಎಸ್‌ಟಿ ಅದರೊಳಗೇ ಸೇರಿದೆ ಎಂದು ಬಾಯಿಬಿಟ್ಟು ಹೇಳಿ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳಿಗೆ 18%, ದೊಡ್ಡವಕ್ಕೆ 40% ಆಗಿದೆ. ಚಿಕ್ಕದು ಅಂದರೆ ಉದ್ದ 4 ಮೀಟರ್ ದಾಟಬಾರದು, ಎಂಜಿನ್ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿರಬೇಕು. ಜಿಎಸ್‌ಟಿಯನ್ನು ಮೇಲೆ ಬೇರೆ ಕಟ್ಟಬೇಕಾ ಎಂಬ ಗಾಬರಿ ಜನಕ್ಕೆ ಇನ್ನೂ ಹೋಗಿಲ್ಲ.

ಡಿಸ್ಕೌಂಟ್ ಬರೆಯುವಾಗ ಒಂದು ಕೆಟ್ಟ ಅಭ್ಯಾಸವಿದೆ. ಎಕ್ಸ್‌ಚೇಂಜ್ ಬೋನಸ್, ಕಾರ್ಪೊರೇಟ್ ಆಫರ್, ಲಾಯಲ್ಟಿ ಬೋನಸ್ ಎಲ್ಲ ಕೂಡಿಸಿ "70 ಸಾವಿರ ಆಫ್" ಎನ್ನುವುದು. ಹಳೇ ಕಾರೇ ಇಲ್ಲದವರಿಗೆ ಎಕ್ಸ್‌ಚೇಂಜ್ ಬೋನಸ್ ಎಲ್ಲಿಂದ ಬರಬೇಕು? ಅವರಿಗೆ ಸಿಗುವುದನ್ನಷ್ಟೇ ಬರೆಯಿರಿ.

ಈಗ ಸರ್ಕಾರದ ಭಾಗ. ಕರ್ನಾಟಕದ ಲೈಫ್ ಟ್ಯಾಕ್ಸ್ (ನೋಂದಣಿಯಾಗುವಾಗ ಒಂದೇ ಸಲ ಕಟ್ಟುವ ರಸ್ತೆ ತೆರಿಗೆ) ದೇಶದಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ 5 ಲಕ್ಷದವರೆಗೆ 13%, 10 ಲಕ್ಷದವರೆಗೆ 14%, 20 ಲಕ್ಷದವರೆಗೆ 17%, ಅದರ ಮೇಲೆ 18%. ಈ ತೆರಿಗೆಯ ಮೇಲೆ ಮತ್ತೆ 11% ಸೆಸ್. ಇದರಲ್ಲೊಂದು ಗುಂಡಿ ಇದೆ. 9.90 ಲಕ್ಷದ ಕಾರಿಗೆ ಸೆಸ್ ಸೇರಿ ತೆರಿಗೆ ಸುಮಾರು 1,53,800 ರೂಪಾಯಿ. ಅದೇ ಕಾರಿನ ಮುಂದಿನ ವೇರಿಯಂಟ್ 10.10 ಲಕ್ಷ ಅಂದುಕೊಳ್ಳಿ. ಅದಕ್ಕೆ ಸುಮಾರು 1,90,600. 10 ಲಕ್ಷ ದಾಟಿದ ತಕ್ಷಣ 1% ಟಿಸಿಎಸ್ ಬೇರೆ, ಅಂದರೆ 10,100. ಎಕ್ಸ್‌ಶೋರೂಮ್‌ನಲ್ಲಿ ಬರೀ 20 ಸಾವಿರದ ವ್ಯತ್ಯಾಸ, ಕಟ್ಟುವಾಗ 66 ಸಾವಿರಕ್ಕೂ ಜಾಸ್ತಿ! "ಇಪ್ಪತ್ತೇ ಸಾವಿರ ಸರ್, ಟಾಪ್ ಮಾಡೆಲ್ಲೇ ತಗೊಂಡ್ಬಿಡಿ" ಎಂದು ಹೇಳಿ ಮಾರಿದವನು ಸುಳ್ಳು ಹೇಳಿಲ್ಲ, ಆದರೆ ಗಿರಾಕಿ ಅವನನ್ನು ಜನ್ಮದಲ್ಲಿ ನಂಬುವುದಿಲ್ಲ. ಎರಡೂ ವೇರಿಯಂಟಿನ ಹಾಳೆ ಪಕ್ಕಪಕ್ಕ ಇಡಿ. ಆಯ್ಕೆ ಅವರದು.

ಟಿಸಿಎಸ್ ಎಂದರೆ ಏನೆಂದು ನಮ್ಮ ಹುಡುಗರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. 2016ರ ಜೂನ್‌ನಿಂದ 10 ಲಕ್ಷ ಮೀರಿದ ಗಾಡಿಗಳಿಗೆ ಇದು ಇದೆ. ಕಳೆದುಹೋಗುವ ದುಡ್ಡಲ್ಲ. ಗಿರಾಕಿಯ ಪ್ಯಾನ್ ನಂಬರಿಗೆ ಜಮೆ ಆಗಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ಈ ಒಂದು ಮಾತು ಹೇಳಿದ್ದಿದ್ದರೆ ಮೇಷ್ಟ್ರು ಅರ್ಧ ಕೋಪ ಬಿಡುತ್ತಿದ್ದರು.

"ಆರ್‌ಟಿಒ ಖರ್ಚು" ಎಂದು ಒಂದೇ ಸಾಲಿನಲ್ಲಿ ಎಂಟು ಹತ್ತು ಸಾವಿರ ಬರೆಯುವವರಿದ್ದಾರೆ. ಸ್ವಂತ ಕಾರಿನ ನೋಂದಣಿ ಶುಲ್ಕ 600 ರೂಪಾಯಿ. ಸಾಲ ಮಾಡಿದ್ದರೆ ಅದನ್ನು ಆರ್‌ಸಿಯಲ್ಲಿ ಸೇರಿಸಲು 1,500. ಇಷ್ಟನ್ನು ಬಿಡಿಸಿ ಬರೆಯಿರಿ. ಉಳಿದದ್ದು ನಿಮ್ಮ ಶೋರೂಮಿನ ಓಡಾಟದ ಖರ್ಚಾದರೆ ಅದನ್ನು ಸರ್ಕಾರದ ಭಾಗದಲ್ಲಿ ಅಡಗಿಸಬೇಡಿ. ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್ ಅಂತೂ ನನ್ನ ಪ್ರಕಾರ ಹಾಳೆಯಲ್ಲೇ ಇರಬಾರದು. ಕಾರನ್ನು ಸ್ಟಾಕ್‌ಯಾರ್ಡಿನಿಂದ ಶೋರೂಮಿಗೆ ತರುವುದು ನಮ್ಮ ಕೆಲಸ. ಅಂಗಡಿಯವನು ಗೋಡೌನಿನಿಂದ ಅಕ್ಕಿ ಮೂಟೆ ತಂದದ್ದಕ್ಕೆ ಬೇರೆ ಬಿಲ್ ಹಾಕುತ್ತಾನಾ?

ಇನ್ಶೂರೆನ್ಸ್ ಭಾಗದಲ್ಲಿ ನಮ್ಮ ಕಮಿಷನ್ ಕೂತಿರುತ್ತದೆ. ಅದಕ್ಕೇ ಅಲ್ಲಿ ನಾಲಿಗೆ ತೊದಲುತ್ತದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ (ನಮ್ಮ ಕಾರಿನಿಂದ ಬೇರೆಯವರಿಗಾದ ನಷ್ಟ ತುಂಬುವ ಪಾಲಿಸಿ) ಕಡ್ಡಾಯ. ನಮ್ಮ ಕಾರಿನ ಡ್ಯಾಮೇಜಿನ ಪಾಲಿಸಿ ವರ್ಷ ವರ್ಷ ಮಾಡಿಸಬಹುದು. ಹೊರಗಿನಿಂದ ಮಾಡಿಸಿಕೊಳ್ಳುವ ಹಕ್ಕು ಗಿರಾಕಿಗಿದೆ. "ಹೊರಗಡೆ ಮಾಡಿಸಿದ್ರೆ ಕ್ಲೇಮ್ ಆಗಲ್ಲ" ಎಂದು ಹೆದರಿಸಬೇಡಿ. ಅವರು ತಂದ ಕೊಟೇಶನ್ ಪಕ್ಕ ನಿಮ್ಮದನ್ನಿಟ್ಟು, ಎರಡರಲ್ಲೂ ಅದೇ ಐಡಿವಿ (ಕಾರು ಪೂರ್ತಿ ಹೋದರೆ ಸಿಗುವ ಗರಿಷ್ಠ ಮೊತ್ತ), ಅದೇ ಆ್ಯಡ್‌ಆನ್ (ಜಾಸ್ತಿ ದುಡ್ಡು ಕೊಟ್ಟು ಸೇರಿಸುವ ರಕ್ಷಣೆ) ಇದೆಯಾ ಎಂದು ತೋರಿಸಿ. ಕಡಿಮೆ ಪ್ರೀಮಿಯಂ ಹಿಂದೆ ಕಡಿಮೆ ಐಡಿವಿ ಇರುವುದು ಸಾಮಾನ್ಯ.

ಆ್ಯಡ್‌ಆನ್‌ಗಳಲ್ಲಿ ಬೆಂಗಳೂರಿನವರಿಗೆ ಎಂಜಿನ್ ಪ್ರೊಟೆಕ್ಷನ್ ಬೇಕೇಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟಿನಲ್ಲೇ ಕಾರುಗಳು ಮುಳುಗಿದ್ದನ್ನು ಎಲ್ಲರೂ ನೋಡಿದ್ದೇವೆ ಅಲ್ವಾ. ನೀರು ನುಗ್ಗಿದ ಕಾರನ್ನು ಸ್ಟಾರ್ಟ್ ಮಾಡಲು ಹೋದರೆ ಎಂಜಿನ್ ಒಳಗಿನ ರಾಡ್ ಬಗ್ಗುತ್ತದೆ. ಮಾಮೂಲಿ ಪಾಲಿಸಿಯಲ್ಲಿ ಅದಕ್ಕೆ ದುಡ್ಡು ಹುಟ್ಟುವುದು ಕಷ್ಟ. ಪಾಲಿಸಿ ಮಾರುವಾಗಲೇ "ನೀರು ನುಗ್ಗಿದ್ರೆ ಕೀ ಮುಟ್ಬೇಡಿ, ಟೋ ಮಾಡ್ಸಿ" ಎಂದು ಹೇಳಿಬಿಡಿ.

ಹಾಳೆಯ ಕೆಳಗೆ ಒಟ್ಟು ಮೊತ್ತ, ತಾರೀಖು, ನಿಮ್ಮ ಸಹಿ. "ಬಿಲ್ ಆಗುವ ದಿನದ ಬೆಲೆ ಅನ್ವಯ" ಎಂಬ ಸಾಲನ್ನು ಚಿಕ್ಕದಾಗಿ ಅಲ್ಲ, ದೊಡ್ಡದಾಗಿ ಬರೆಯಿರಿ. ಜನವರಿಯಲ್ಲಿ ಕಂಪನಿಗಳು ಬೆಲೆ ಏರಿಸುವುದು ಮಾಮೂಲು. ಹಾಳೆಯ ಫೋಟೋ ತೆಗೆದು ಅವರ ವಾಟ್ಸ್‌ಆ್ಯಪ್‌ಗೆ ಹಾಕಿ. ಅದನ್ನು ಇನ್ನೊಂದು ಶೋರೂಮಿಗೆ ತೋರಿಸುತ್ತಾರೆ ಎಂದು ಮ್ಯಾನೇಜರ್ ಬೈಯುತ್ತಾರೆ. ತೋರಿಸಲಿ ಬಿಡಿ. ಅಲ್ಲಿ ಇಷ್ಟು ಬಿಡಿಸಿ ಬರೆದುಕೊಡುವವರು ಸಿಗದೆ ವಾಪಸ್ ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹೆಜ್ಜೆ 4: ಸಾಲ

ಒಂದೇ ವಿಷಯ. ಫ್ಲಾಟ್ ಬಡ್ಡಿ, ಅಂದರೆ ತೀರಿಸಿದ ಅಸಲು ಕಳೆಯದೆ ಕೊನೆವರೆಗೂ ಪೂರ್ತಿ ಸಾಲದ ಮೇಲೆ ಹಾಕುವ ಬಡ್ಡಿ, ಹೇಳಿ ಮೋಸ ಮಾಡಬೇಡಿ. 10 ಲಕ್ಷಕ್ಕೆ 7% ಫ್ಲಾಟ್, 5 ವರ್ಷ ಎಂದರೆ ತಿಂಗಳ ಕಂತು 22,500. ಬ್ಯಾಂಕಿನವರು ಹೇಳುವ ರೆಡ್ಯೂಸಿಂಗ್ (ಉಳಿದ ಅಸಲಿನ ಮೇಲಷ್ಟೇ ಬಡ್ಡಿ) ಲೆಕ್ಕದಲ್ಲಿ ಅದು ಸುಮಾರು 12.5% ಬಡ್ಡಿ.

ಹೆಜ್ಜೆ 5: ಬುಕಿಂಗ್

ರಸೀದಿ ಕೊಡಿ, ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್ ಎಂದು ಅದರಲ್ಲೇ ಬರೆಯಿರಿ, ಆರು ವಾರ ಕಾಯಬೇಕಿದ್ದರೆ ಎಂಟು ಎನ್ನಿ. ಆಷಾಢದಲ್ಲಿ ಕಾರು ತೆಗೆದುಕೊಳ್ಳಿ ಎಂದು ಪೀಡಿಸಬೇಡಿ. ಬುಕಿಂಗ್ ಈಗ, ಡೆಲಿವರಿ ಶ್ರಾವಣದಲ್ಲಿ ಎಂದರೆ ಅವರೂ ಖುಷಿ, ನಿಮ್ಮ ಟಾರ್ಗೆಟ್ಟೂ ಉಳಿಯಿತು.

ನಡುವೆ ಒಂದು ಮಾತು: ಆಕ್ಸೆಸರೀಸ್

ಇದು ಹೆಜ್ಜೆಯಲ್ಲ, ತಲೆನೋವು. "ಬೇಸಿಕ್ ಕಿಟ್" ಎಂದು ಕೇಳದೆಯೇ ತುರುಕುವ ಪೊಟ್ಟಣದಲ್ಲಿ ಮ್ಯಾಟ್ ಬಿಟ್ಟರೆ ಉಪಯೋಗಕ್ಕೆ ಬರುವುದು ಕಡಿಮೆ. ಆ ಮ್ಯಾಟೂ ಕೊಕ್ಕೆ ಇಲ್ಲದ್ದಾದರೆ ಜಾರಿ ಪೆಡಲ್ ಕೆಳಗೆ ಸೇರುತ್ತದೆ, ಅಂಥದ್ದು ಬೇಡವೇ ಬೇಡ. ಹೊಸ ಕಾರಿಗೆ ಟೆಫ್ಲಾನ್ ಕೋಟಿಂಗ್ ಸುಮ್ನೆ ದಂಡ. ಪಕ್ಕದ ಏರ್‌ಬ್ಯಾಗ್ ಸೀಟಿನೊಳಗಿಂದ ಬಿಚ್ಚಿಕೊಳ್ಳುವ ಕಾರಿಗೆ ಸಿಕ್ಕ ಸಿಕ್ಕ ಸೀಟ್ ಕವರ್ ಹಾಕಿಸಿದರೆ ಏರ್‌ಬ್ಯಾಗ್ ಕವರಿನೊಳಗೇ ಸಿಕ್ಕಿಕೊಳ್ಳಬಹುದು. ಮುಂದೆ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಕೇಳಿದರೆ ಇಲ್ಲ ಎನ್ನಿ. ಅವು ಕಾನೂನುಬಾಹಿರ, ಕ್ರಮ ತೆಗೆದುಕೊಳ್ಳಿ ಎಂದು 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದೆ.

ಹೆಜ್ಜೆ 6: ಡೆಲಿವರಿ

ಹಿಂದಿನ ದಿನವೇ, ಬೆಳಕಿದ್ದಾಗ, ಗಿರಾಕಿಯನ್ನು ಕರೆದು ಕಾರು ತೋರಿಸಿ. ಶೋರೂಮಿನ ಲೈಟಿನಲ್ಲಿ ಗೀರು ಕಾಣುವುದಿಲ್ಲ. ಕಾರು ತಯಾರಾದ ತಿಂಗಳು, ವರ್ಷವನ್ನು ಸೇಲ್ ಸರ್ಟಿಫಿಕೇಟಿನಲ್ಲೇ ತೋರಿಸಿ. ಅದರಲ್ಲಿರುವ 17 ಅಕ್ಷರದ ಚಾಸಿ ನಂಬರ್ ಕಾರಿನ ಮೇಲಿರುವುದಕ್ಕೆ ತಾಳೆಯಾಗುತ್ತದಾ ಎಂದು ಅವರೇ ನೋಡಲಿ. ಟೈರಿನ ಮೇಲಿನ ನಾಲ್ಕು ಅಂಕಿಯನ್ನೂ ಓದಲು ಹೇಳಿಕೊಡಿ. 2325 ಎಂದರೆ 2025ರ 23ನೇ ವಾರ. ಜನವರಿಯಲ್ಲಿ ಹಿಂದಿನ ವರ್ಷದ ಕಾರು ಕೊಡುತ್ತಿದ್ದರೆ ಮೊದಲೇ ಹೇಳಿ, ಡಿಸ್ಕೌಂಟ್ ಕೊಡಿ.

ಗಂಟೆ ನೀವು ನಿಗದಿ ಮಾಡಬೇಡಿ, ಅವರನ್ನು ಕೇಳಿ. ಶುಕ್ರವಾರ ಹನ್ನೊಂದಕ್ಕೆ ಬನ್ನಿ ಎಂದು ನಮ್ಮ ಹುಡುಗನೊಬ್ಬ ಮೆಸೇಜ್ ಹಾಕಿದ್ದ. ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಇಡೀ ಕುಟುಂಬ ಹನ್ನೆರಡೂ ಐದರವರೆಗೆ ಫುಟ್‌ಪಾತಿನ ಮೇಲೆ ನಿಂತಿತ್ತು, ಒಳಗೆ ಕಾಲಿಡಲಿಲ್ಲ. ನಿಂಬೆಹಣ್ಣು ನೀವೇ ತಂದಿಡಿ, ಆದರೆ ಚಕ್ರದ ಕೆಳಗೆ ಅವರ ಮನೆಯವರೇ ಇಡಲಿ.

ಇನ್ನು ಪೆಟ್ರೋಲ್. ಶೋರೂಮಿನವರು ಹಾಕುವ ನಾಲ್ಕೈದು ಲೀಟರ್ ಸಾಲುವುದಿಲ್ಲ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಪೂಜೆಗೆ ಹೊರಟವರು ಟ್ರಾಫಿಕ್ಕಿನಲ್ಲಿ ಸಿಕ್ಕಿ, ಹೊಸ ಕಾರಿನಲ್ಲಿ ಕೆಂಪು ದೀಪ ನೋಡುತ್ತಾ ಕೂರಬಾರದು. ಮ್ಯಾನೇಜರ್ ಒಪ್ಪಿದರೆ ಅರ್ಧ ಟ್ಯಾಂಕ್ ಹಾಕಿಸಿ. ಒಪ್ಪದಿದ್ದರೆ ಹತ್ತಿರದ ಬಂಕ್‌ವರೆಗೆ ನಿಮ್ಮ ಬೈಕಿನಲ್ಲಿ ಮುಂದೆ ಹೋಗಿ ದಾರಿ ತೋರಿಸಿ.

ಸ್ಕ್ರೀನು, ಬ್ಲೂಟೂತು, ಆ್ಯಪು ಎಲ್ಲವನ್ನೂ ಅವತ್ತೇ ವಿವರಿಸಬೇಡಿ, ಯಾರ ತಲೆಗೂ ಹೋಗುವುದಿಲ್ಲ. ವೈಪರ್, ಹೆಡ್‌ಲೈಟ್, ಟ್ಯಾಂಕಿನ ಮುಚ್ಚಳ, ಸ್ಟೆಪ್ನಿ, ಇಷ್ಟು ಸಾಕು. ಉಳಿದದ್ದಕ್ಕೆ ಮುಂದಿನ ಭಾನುವಾರ ಅವರ ಮನೆಗೆ ಹೋಗಿ. ಕಾಫಿ ಸಿಗುತ್ತದೆ.

ಹೆಜ್ಜೆ 7: ಆಮೇಲೆ

"ಕಂಪನಿಯಿಂದ ಕಾಲ್ ಬರುತ್ತೆ ಸರ್, ಹತ್ತಕ್ಕೆ ಹತ್ತು ಕೊಡಿ, ಇಲ್ಲಾಂದ್ರೆ ನನ್ನ ಇನ್ಸೆಂಟಿವ್ ಹೋಗುತ್ತೆ" ಎಂದು ಬೇಡುವುದನ್ನು ಬಿಟ್ಟುಬಿಡಿ. ಆ ಕಾಲ್ ಬರುವ ಮೊದಲು ನೀವೇ ಒಂದು ಫೋನ್ ಮಾಡಿ, ಏನು ಸರಿಯಿಲ್ಲ ಎಂದು ಕೇಳಿ. ಕಾರಿನಲ್ಲಿ ಏನೋ ಸದ್ದು ಬರುತ್ತಿದೆ ಎಂದರೆ ಅದನ್ನು ಸರ್ವಿಸ್‌ನವರಿಗೆ ನೀವೇ ದಾಟಿಸಿ. ಆರ್‌ಸಿ ಬಂತಾ ಎಂದು ಗಿರಾಕಿ ಫೋನ್ ಮಾಡುವಂತಾಗಬಾರದು. ಬರದಿದ್ದರೂ "ಇನ್ನೂ ಬಂದಿಲ್ಲ ಸರ್" ಎಂದು ನೀವೇ ವಾರಕ್ಕೊಮ್ಮೆ ಹೇಳಿ.

ಅಂದ ಹಾಗೆ, ಮೇಷ್ಟ್ರು ಎರಡು ವರ್ಷ ಬಿಟ್ಟು ಮಗಳಿಗೆ ಕಾರು ಕೊಡಿಸಲು ನನ್ನ ಹತ್ತಿರವೇ ಬಂದರು. ಕೂತ ಕೂಡಲೇ ಜೇಬಿನಿಂದ ತಮ್ಮದೇ ಪೆನ್ನು ತೆಗೆದು ನನ್ನ ಮುಂದಿಟ್ಟು, "ಬರಿ" ಎಂದರು.