ಕುರಿ ಒಂದೇ ದಿಕ್ಕಿಗೆ ಸುತ್ತುತ್ತಿದೆಯೇ? ಮಿದುಳು ಹೊಕ್ಕ ಬ್ಯಾಕ್ಟೀರಿಯಾದ ತಳಿಯನ್ನು ಪತ್ತೆ ಮಾಡುವ ಬಗೆ

ಮಂದೆಯ ಕುರಿಯೊಂದು ಒಂದೇ ಸಮನೆ ಎಡಕ್ಕೋ ಬಲಕ್ಕೋ ಸುತ್ತತೊಡಗಿದರೆ ಮೊದಲು ಅದರ ಮುಖ ನೋಡಿ. ಒಂದು ಬದಿಯ ಕಿವಿ ಜೋತು ಬಿದ್ದು, ರೆಪ್ಪೆ ಇಳಿದು, ಜೊಲ್ಲು ಸುರಿಯುತ್ತಿದ್ದರೆ, ಅಗಿದ ಮೇವು ಕೆನ್ನೆಯಲ್ಲೇ ಉಳಿದಿದ್ದರೆ, ಲಿಸ್ಟೀರಿಯಾ ಮೊನೊಸೈಟೊಜಿನೀಸ್ ಎಂಬ ಬ್ಯಾಕ್ಟೀರಿಯಾದ ಶಂಕೆ ಬಲವಾಗುತ್ತದೆ. ಬಾಯಿಯ ಸಣ್ಣ ಗಾಯದಿಂದ ಮುಖದ ನರ ಹಿಡಿದು ಅದು ಮಿದುಳಿನ ಕಾಂಡಕ್ಕೆ ಏರುತ್ತದೆ. ಮಿದುಳಿನಲ್ಲಿ ಲಾಡಿಹುಳುವಿನ ಗುಳ್ಳೆ ಬೆಳೆದಾಗಲೂ ಕುರಿ ಸುತ್ತುವುದುಂಟು. ಆದರೆ ಅದು ವಾರಗಟ್ಟಲೆ ನಿಧಾನವಾಗಿ ಹೆಚ್ಚುತ್ತದೆ. ಲಿಸ್ಟೀರಿಯಾ ಕೆಲವೇ ದಿನಗಳಲ್ಲಿ ಕುರಿಯನ್ನು ಕೆಡವುತ್ತದೆ. ರೇಬೀಸ್ ಕೂಡ ಹೀಗೆಯೇ ಕಾಣಿಸಬಹುದು, ಆದ್ದರಿಂದ ಬಾಯೊಳಗೆ ಬರಿಗೈ ಹಾಕಲೇಬೇಡಿ.

ಅಂದೇ ಪಶುವೈದ್ಯರನ್ನು ಕರೆಸಿ. ಆರಂಭದಲ್ಲೇ ಹೆಚ್ಚಿನ ಪ್ರಮಾಣದ ಪೆನಿಸಿಲಿನ್ ಸಿಕ್ಕರೆ ಕೆಲವು ಬದುಕುತ್ತವೆ. ನೆಲಕ್ಕೊರಗಿದ ಮೇಲೆ ಉಳಿಯುವುದು ಅಪರೂಪ.

ಕುರಿ ಸತ್ತರೆ ತಕ್ಷಣ ಹೂಳಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮಿದುಳಿನ ಈ ರೋಗದಲ್ಲಿ ರಕ್ತ ಪರೀಕ್ಷೆ ಹೆಚ್ಚೇನೂ ಹೇಳುವುದಿಲ್ಲ, ಉತ್ತರ ಇರುವುದು ಮಿದುಳಿನ ಕಾಂಡದಲ್ಲಿ. ತಲೆಯನ್ನು ವೈದ್ಯರೇ ಬಿಡಿಸಲಿ. ಮಿದುಳಿನ ಒಂದು ಭಾಗವನ್ನು ಶೇಕಡಾ 10ರ ಫಾರ್ಮಲಿನ್‌ನಲ್ಲಿಟ್ಟು, ಇನ್ನೊಂದನ್ನು ಐಸ್ ಪೆಟ್ಟಿಗೆಯಲ್ಲಿ, ಹೆಪ್ಪುಗಟ್ಟಿಸದೆ, ಪ್ರಯೋಗಾಲಯಕ್ಕೆ ಕಳುಹಿಸಬೇಕು. ರೇಬೀಸ್ ಪರೀಕ್ಷೆಯೂ ಆಗಲಿ. ಕರ್ನಾಟಕದಲ್ಲಿ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಮಾದರಿ ಕಳುಹಿಸುವ ದಾರಿಯನ್ನು ನಿಮ್ಮ ವೈದ್ಯರಲ್ಲಿ ಕೇಳಿ. ತಣ್ಣಗಿಡುವುದರಿಂದ ಲಿಸ್ಟೀರಿಯಾ ಸಾಯುವುದಿಲ್ಲ. 4 ಡಿಗ್ರಿಯಲ್ಲೂ ಬೆಳೆಯುತ್ತದೆ. ದನದ ಮಿದುಳಿನ ಮಾದರಿಯನ್ನು ವಾರಗಟ್ಟಲೆ ತಣ್ಣಗಿಟ್ಟು ಅದನ್ನು ಬೆಳೆಸಿಕೊಳ್ಳುವ ವಿಧಾನ 1948ರಲ್ಲೇ ಪ್ರಕಟವಾಗಿತ್ತು.

'ಲಿಸ್ಟೀರಿಯಾ ಇದೆ' ಎಂಬ ವರದಿಗೆ ತೃಪ್ತರಾಗಬೇಡಿ. ಯಾವ ತಳಿ ಎಂದು ಕೇಳಿ. ಒಂದೇ ಹೆಸರಿನಡಿ ಬಹಳ ಬೇರೆ ಬೇರೆ ಸ್ವಭಾವದ ತಳಿಗಳಿವೆ. ಏಳು ಜೀನ್‌ಗಳ ಅಕ್ಷರ ಸರಣಿಯನ್ನು ಹೋಲಿಸಿ, ಅಥವಾ ಇಡೀ ಜೀನೋಮ್ ಓದಿ ಅವುಗಳನ್ನು ಗುಂಪು ಮಾಡುತ್ತಾರೆ. ಯುರೋಪಿನ ದನ ಕುರಿಗಳ ಮಿದುಳಿನಲ್ಲಿ ಹೆಚ್ಚಾಗಿ ಸಿಕ್ಕಿರುವುದು ಸಿಸಿ 1 ಎಂಬ ಗುಂಪು (ಸಿಸಿ ಎಂದರೆ ಕ್ಲೋನಲ್ ಕಾಂಪ್ಲೆಕ್ಸ್, ಹತ್ತಿರದ ನಂಟಿನ ತಳಿಗಳ ಗುಂಪು). ಅದರ ಸೀರೋಟೈಪ್, ಅಂದರೆ ಮೇಲ್ಮೈ ಗುರುತುಗಳಿಂದ ಮಾಡಿದ ವರ್ಗ, 4ಬಿ. ಆಹಾರ ಕಾರ್ಖಾನೆಗಳಲ್ಲಿ ಬೇರುಬಿಡುವ ಸಿಸಿ 9, ಸಿಸಿ 121 ಗುಂಪುಗಳಲ್ಲಿ ಇಂಟರ್ನಾಲಿನ್ ಎ ಎಂಬ ಪ್ರೋಟೀನ್ ಬಹುಪಾಲು ಮೊಟಕಾಗಿರುತ್ತದೆ. ಕರುಳಿನ ಜೀವಕೋಶದ ಬಾಗಿಲು ತೆರೆಯಲು ಅದು ಬೇಕು. ಇಲ್ಲದಿದ್ದರೆ ಉಗ್ರತೆ ತಗ್ಗುತ್ತದೆ. ತಗ್ಗುತ್ತದೆ ಎಂದೆ, ಇಲ್ಲವಾಗುತ್ತದೆ ಎನ್ನಲಿಲ್ಲ. ಒಳಹೊಕ್ಕ ಮೇಲೆ ಲಿಸ್ಟೀರಿಯೊಲೈಸಿನ್ ಎಂಬ ವಿಷದಿಂದ ತನ್ನನ್ನು ಮುಚ್ಚಿದ ಪೊರೆಯನ್ನು ಹರಿಯುವುದು, ಜೀವಕೋಶದ ಆಕ್ಟಿನ್ ಎಂಬ ಪ್ರೋಟೀನ್ ಎಳೆಗಳನ್ನೇ ಬಾಲ ಮಾಡಿಕೊಂಡು ಪಕ್ಕದ ಕೋಶಕ್ಕೆ ನುಗ್ಗುವುದು ಈ ಬ್ಯಾಕ್ಟೀರಿಯಾದ ಚಾಳಿ.

ಇಷ್ಟೆಲ್ಲ ಏಕೆಂದರೆ, ಕುರಿಗೆ ಹಾಕುವ ರಸಮೇವಿನ (ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ಹಸಿ ಮೇವು, ಸೈಲೇಜ್) ಗುಂಡಿಯಲ್ಲಿ ಏಕಕಾಲಕ್ಕೆ ಲಿಸ್ಟೀರಿಯಾದ ಹಲವು ತಳಿಗಳಿರಬಹುದು. ಮೇವಿನಲ್ಲಿ ಲಿಸ್ಟೀರಿಯಾ ಸಿಕ್ಕಿತೆಂದ ಮಾತ್ರಕ್ಕೆ ಕುರಿ ಸತ್ತದ್ದು ಅದರಿಂದಲೇ ಎನ್ನಲಾಗದು. ಗುಂಡಿಯ ಮಾದರಿಯನ್ನೂ ಅಂದೇ ತೆಗೆದಿಟ್ಟು, ಎರಡೂ ಕಡೆಯ ತಳಿಗಳನ್ನು ಹೋಲಿಸಬೇಕು.

ವರದಿ ಬರುವವರೆಗೆ ಆ ರಸಮೇವು ನಿಲ್ಲಿಸಿ. ಹುಳಿಯ ಮಟ್ಟ ತೋರಿಸುವ ಪಿಎಚ್ ಕಾಗದದಿಂದ ಪರೀಕ್ಷಿಸಿ: ಚೆನ್ನಾಗಿ ಹುಳಿತ ಮೇವು 4ರ ಆಸುಪಾಸಿನಲ್ಲಿರುತ್ತದೆ, 5.5 ದಾಟಿದ್ದರೆ ಬ್ಯಾಕ್ಟೀರಿಯಾ ಸಲೀಸಾಗಿ ಬೆಳೆಯುತ್ತದೆ. ಪ್ಲಾಸ್ಟಿಕ್ ಹರಿದ ಜಾಗ, ಅಂಚು, ಬೂಷ್ಟು ಹಿಡಿದ ಮೇಲ್ಪದರವನ್ನು ಸಂಕೋಚವಿಲ್ಲದೆ ಎಸೆಯಿರಿ. ಮಂದೆಯ ಹಾಲನ್ನು ಕುದಿಸದೆ ಕುಡಿಯಬೇಡಿ. ಮನೆಯಲ್ಲಿ ಗರ್ಭಿಣಿಯಿದ್ದರೆ ಆಕೆ ಈಯುವ ಕುರಿಗಳ ಬಳಿ ಹೋಗದಿರಲಿ, ಕಂದು ಹಾಕಿದ ಮರಿ, ಕಸಗಳನ್ನು ಮುಟ್ಟದಿರಲಿ.