ಲಿವರ್ ಪೂರ್ತಿ ಒತ್ತಿದರೂ ನಾಜಲ್ ಅರ್ಧಕ್ಕೇ ನಿಂತಾಗ

ನಿಂತು ಓಡಿಸುವ ಜೆಟ್ ಸ್ಕೀಗೆ ಟ್ರಿಮ್, ಅಂದರೆ ನೀರು ಚಿಮ್ಮುವ ಹಿಂದಿನ ನಾಜಲ್ಲನ್ನು ಲಿವರಿನಿಂದ ಮೇಲೆ ಕೆಳಗೆ ವಾಲಿಸುವ ವ್ಯವಸ್ಥೆ, ಕೂರಿಸಿದ ಮೇಲೆ ಬರುವ ದೂರು ಹೆಚ್ಚಾಗಿ ಒಂದೇ. ಲಿವರ್ ಹ್ಯಾಂಡಲಿಗೆ ತಾಗುವವರೆಗೆ ಒತ್ತಿದರೂ ಹಿಂದೆ ನಾಜಲ್ ಐದಾರು ಡಿಗ್ರಿ ಎದ್ದು ನಿಂತುಬಿಡುತ್ತದೆ. ನಾನು ಹೆಚ್ಚಾಗಿ ಕೈಹಾಕಿರುವುದು ಯಮಹಾ ಸೂಪರ್‌ಜೆಟ್‌ನ ಎರಡು ಸ್ಟ್ರೋಕಿನ 701 ಸಿಸಿ ಎಂಜಿನ್ ಗಾಡಿಗಳಿಗೆ. ಅವುಗಳಿಗೆ ಕಂಪನಿಯಿಂದ ಟ್ರಿಮ್ ಬರುವುದಿಲ್ಲ. ರಿಂಗ್, ಲಿವರ್, ಕೇಬಲ್ ಎಲ್ಲವನ್ನೂ ಬೇರೆ ಬೇರೆ ಕಡೆಯಿಂದ ತಂದು ಜೋಡಿಸಬೇಕು. ಅಳತೆ ತಪ್ಪುವುದೂ ಈ ಜೋಡಣೆಯಲ್ಲೇ.

ಮೊದಲು ವ್ಯವಸ್ಥೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಪಂಪಿನ ಕೊನೆಯಲ್ಲಿರುವ ರಿಡಕ್ಷನ್ ನಾಜಲ್ ಅಲುಗಾಡುವುದಿಲ್ಲ. ಅದರ ಎಡಬಲದ ಎರಡು ಬೋಲ್ಟುಗಳ ಮೇಲೆ ಟ್ರಿಮ್ ರಿಂಗ್ ಮೇಲೆ ಕೆಳಗೆ ವಾಲುತ್ತದೆ. ರಿಂಗಿನೊಳಗೆ ಮೇಲೊಂದು ಕೆಳಗೊಂದು ಬೋಲ್ಟಿನ ಮೇಲೆ ಸ್ಟಿಯರಿಂಗ್ ನಾಜಲ್ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಲಿವರ್ ಒತ್ತಿದರೆ ಕೇಬಲ್ ರಿಂಗನ್ನು ಮೇಲಕ್ಕೆಳೆಯುತ್ತದೆ, ನೀರಿನ ಧಾರೆ ಮೇಲ್ಮುಖವಾಗಿ ಗಾಡಿಯ ಹಿಂಭಾಗ ತಗ್ಗುತ್ತದೆ, ಮೂತಿ ಏಳುತ್ತದೆ. ಬಿಟ್ಟರೆ ಸ್ಪ್ರಿಂಗು ವಾಪಸ್ ತರುತ್ತದೆ. ಹೀಗೆ ನಾಜಲ್ ಎರಡು ಕೇಬಲ್‌ಗಳ ನಡುವೆ ಇದೆ. ಟ್ರಿಮ್ಮಿನದು ಮೇಲಕ್ಕೆ ಎಳೆಯುವಾಗ ಸ್ಟಿಯರಿಂಗಿನದೂ ಅದನ್ನು ಹಿಡಿದುಕೊಂಡಿರುತ್ತದೆ. ಇದನ್ನು ಮರೆತು ಬರೀ ಟ್ರಿಮ್ ಕೇಬಲ್ ಮೇಲೆ ಕೋಪ ತೀರಿಸಿಕೊಂಡರೆ ದಿನ ಹೋಗುತ್ತದೆ, ಕೆಲಸ ಆಗುವುದಿಲ್ಲ.

ನಾಜಲ್ ಹತ್ತಿರ ಕೈಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ. ಇದರಲ್ಲಿ ರಿಯಾಯಿತಿ ಇಲ್ಲ.

ಆಮೇಲೆ ಸ್ಪ್ಯಾನರ್ ಅಲ್ಲ, ಸ್ಕೇಲು ಮತ್ತು ಕೋನ ಅಳೆಯುವ ಗೇಜ್ ತೆಗೆದುಕೊಳ್ಳಿ. ಫೋನಿನಲ್ಲಿರುವ ಲೆವೆಲ್ ಕೂಡ ಸಾಕು. ನಾಜಲ್ ಬಾಯಿಗೆ ನೇರವಾದ ಪಟ್ಟಿಯೊಂದನ್ನು ಒತ್ತಿ ಹಿಡಿದು ಅದರ ಮೇಲೆ ಅಳೆಯಿರಿ. ಬೇಕಿರುವುದು ನಾಲ್ಕು ಅಂಕಿ. ನಾಜಲ್ ಕಡೆ ಕೇಬಲ್ ಕಳಚಿಟ್ಟು, ಲಿವರ್ ಪೂರ್ತಿ ಒತ್ತಿದಾಗ ಹ್ಯಾಂಡಲಿನ ಬಳಿ ಇನ್ನರ್ (ಕೇಬಲ್ಲಿನ ಒಳಗಿನ ತಂತಿ) ಎಷ್ಟು ಮಿ.ಮೀ. ಸರಿಯಿತು ಎನ್ನುವುದು ಮೊದಲನೆಯದು. ಅದೇ ಒತ್ತಿಗೆ ಹಿಂದಿನ ತುದಿ ಎಷ್ಟು ಸರಿಯಿತು ಎನ್ನುವುದು ಎರಡನೆಯದು. ಕೇಬಲ್ ಜೋಡಿಸಿ, ಸ್ಪ್ರಿಂಗಿನ ಭಾರ ಬಿದ್ದಾಗ ಅದೇ ತುದಿಯ ಸರಿದಾಟ ಮೂರನೆಯದು. ಕೊನೆಯದು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿಟ್ಟು ಅದೇ ಸರಿದಾಟವನ್ನು ಅಳೆದದ್ದು. ಮಿಲಿಮೀಟರ್ ಎಲ್ಲಿ ಕಳೆದುಹೋಗಿದೆಯೋ ದೋಷ ಅಲ್ಲೇ ಇದೆ.

ಎಷ್ಟು ಬೇಕು ಎನ್ನುವುದಕ್ಕೂ ಲೆಕ್ಕವಿದೆ. ರಿಂಗಿನ ತಿರುಗು ಬೋಲ್ಟಿನ ಮಧ್ಯದಿಂದ ಕೇಬಲ್ ಕಚ್ಚುವ ತೂತಿನ ಮಧ್ಯಕ್ಕೆ 50 ಮಿ.ಮೀ. ಇದ್ದು, ನಾಜಲ್ 10 ಡಿಗ್ರಿ ಕೆಳಗಿನಿಂದ 10 ಡಿಗ್ರಿ ಮೇಲಕ್ಕೆ ಬರಬೇಕಾದರೆ ಸುಮಾರು 17.5 ಮಿ.ಮೀ. ಎಳೆತ ಬೇಕು. ಅದೇ ದೂರ 60 ಇದ್ದರೆ 21 ಬೇಕು. ಲಿವರಿನ ಕಡೆ ನೋಡಿ: ತಿರುಗು ಪಿನ್ನಿನಿಂದ ಕೇಬಲ್ ಗುಂಡು ಕೂರುವ ಜಾಗಕ್ಕೆ 25 ಮಿ.ಮೀ. ಇದ್ದು ಲಿವರ್ 45 ಡಿಗ್ರಿ ತಿರುಗಿದರೆ ಸಿಗುವುದು 19.6 ಮಿ.ಮೀ. ಅಂದರೆ 60ರ ರಿಂಗಿಗೆ ಈ ಲಿವರ್ ಹೊಸದಾಗಿದ್ದರೂ ಸಾಲದು. ಬೈಸಿಕಲ್ ಬ್ರೇಕ್ ಲಿವರನ್ನು ತಂದು ಹಾಕಿದವರಿಗೆ ಆಗುವುದು ಇದೇ. ಆಗ ರಿಂಗಿನ ತೂತನ್ನು ಒಳಕ್ಕೆ ಸರಿಸಬೇಕು, ಇಲ್ಲವೇ ಲಿವರಿನ ಗುಂಡಿನ ಜಾಗವನ್ನು ಹೊರಕ್ಕೆ ಒಯ್ಯಬೇಕು. ಎರಡರಲ್ಲೂ ಬೆರಳಿಗೆ ಭಾರ ಹೆಚ್ಚುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು.

ಮೊದಲ ಎರಡು ಅಂಕಿಗಳ ನಡುವೆ ವ್ಯತ್ಯಾಸ ಕಂಡರೆ ಕೇಬಲ್ ದಾರಿಯಲ್ಲಿ ಎಲ್ಲೋ ಔಟರ್ (ಕೇಬಲ್ಲಿನ ಹೊರಗಿನ ಕೊಳವೆ) ಜರುಗುತ್ತಿದೆ. ಔಟರಿನ ಎರಡೂ ತುದಿ ತಮ್ಮ ಕೂರುವ ಜಾಗದಲ್ಲಿ ಗಟ್ಟಿಯಾಗಿ ನಿಂತಿದ್ದರೆ ಮಾತ್ರ ಎಳೆತ ಹಿಂದಕ್ಕೆ ಮುಟ್ಟುತ್ತದೆ. ಕತ್ತರಿಸಿದ ತುದಿ ಓರೆಯಾಗಿದ್ದರೆ ಅದು ಕ್ಯಾಪಿನೊಳಗೆ ಒಂದೆರಡು ಮಿ.ಮೀ. ಕುಸಿಯುತ್ತದೆ. ಅರದಿಂದ ನೇರ ಮಾಡಿ, ಒಳಗಿನ ಚೂಪು ತೆಗೆದು, ಕ್ಯಾಪ್ ಹಾಕಿ. ಭಾರ ಬಿದ್ದಾಗ ಮಾತ್ರ, ಅಂದರೆ ಮೂರನೇ ಅಂಕಿಯಲ್ಲಿ, ಎಳೆತ ಕಳೆದುಹೋಗುತ್ತಿದ್ದರೆ ಔಟರ್ ಒತ್ತಡಕ್ಕೆ ಕುಗ್ಗುತ್ತಿದೆ. ಅಗ್ಗದ ಔಟರ್ ಇಷ್ಟು ಉದ್ದಕ್ಕೆ ಚೆನ್ನಾಗಿಯೇ ಕುಗ್ಗುತ್ತದೆ, ಅದನ್ನು ಬದಲಿಸದೆ ಬೇರೆ ದಾರಿಯಿಲ್ಲ.

ಬಾಗುಗಳನ್ನೂ ಎಣಿಸಿ. ಉಜ್ಜಾಟವನ್ನು ತೀರ್ಮಾನಿಸುವುದು ಬಾಗುಗಳ ಒಟ್ಟು ಕೋನ. ನುಣುಪಾದ ಕೇಬಲ್ ಒಟ್ಟು 180 ಡಿಗ್ರಿ ಬಾಗಿದ್ದರೆ ಲಿವರಿನ ಕಡೆ ಸುಮಾರು 1.4 ಪಟ್ಟು ಬಲ ಬೇಕು. ಉಪ್ಪು ಹಿಡಿದು ಉಜ್ಜಾಟ ಎರಡರಷ್ಟಾದರೆ ಅದೇ 1.9 ಪಟ್ಟಾಗುತ್ತದೆ. ಇದನ್ನು ಲಗೇಜ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ನೀವೇ ನೋಡಬಹುದು. ರಿಂಗನ್ನು ನೇರವಾಗಿ ಎಳೆದಾಗ ಎಷ್ಟು ಕಿಲೋ, ಲಿವರ್ ಕಡೆಯಿಂದ ಇನ್ನರ್ ಎಳೆದಾಗ ಎಷ್ಟು ಕಿಲೋ ಎಂದು ಎರಡೂ ಬರೆದುಕೊಳ್ಳಿ. ಒಂದೂವರೆ ಪಟ್ಟು ದಾಟಿದ್ದರೆ ನಾನು ಕೇಬಲನ್ನು ತೊಳೆಯುವ ಗೋಜಿಗೆ ಹೋಗುವುದಿಲ್ಲ, ಬದಲಿಸುತ್ತೇನೆ. ಒಳಗೆ ಟೆಫ್ಲಾನ್ ಪದರವಿರುವ ಔಟರಿಗೆ ದಪ್ಪ ಗ್ರೀಸ್ ತುಂಬಬೇಡಿ. ಅದು ಮರಳನ್ನು ಹಿಡಿದಿಟ್ಟುಕೊಂಡು ಕೆಸರಾಗುತ್ತದೆ. ತೆಳು ಸಿಲಿಕೋನ್ ಎಣ್ಣೆ ಸಾಕು.

ಎರಡು ಜಾಗಗಳಲ್ಲಿ ಕೇಬಲ್ ಸದ್ದಿಲ್ಲದೆ ಸಿಕ್ಕಿಕೊಳ್ಳುತ್ತದೆ. ಒಂದು, ಹ್ಯಾಂಡಲ್ ಕಂಬ ಗಾಡಿಗೆ ಸೇರುವ ಕೀಲು. ಕಂಬ ಕೆಳಗಿಟ್ಟು ಅಳೆದರೆ ಎಲ್ಲವೂ ಸರಿ ಕಾಣುತ್ತದೆ, ಸವಾರಿಯ ಎತ್ತರಕ್ಕೆ ಏರಿಸಿದರೆ ಔಟರ್ ಬಿಗಿದು ಮಡಚುತ್ತದೆ. ಅದಕ್ಕೇ ನಾಲ್ಕೂ ಅಳತೆಗಳನ್ನು ಕಂಬವನ್ನು ಸೊಂಟದ ಎತ್ತರಕ್ಕೆ ಕಟ್ಟಿ ನಿಲ್ಲಿಸಿಯೇ ತೆಗೆದುಕೊಳ್ಳಬೇಕು. ಇನ್ನೊಂದು, ಕೇಬಲ್ ಗಾಡಿಯ ಒಡಲಿನಿಂದ ಹೊರಬರುವ ಸೀಲು. ನೀರು ಬರಬಾರದೆಂದು ನಟ್ ಅತಿಯಾಗಿ ಬಿಗಿದರೆ ರಬ್ಬರು ಔಟರನ್ನು ಹಿಂಡಿ ಇನ್ನರನ್ನು ಹಿಡಿಯುತ್ತದೆ. ನಟ್ ಕಾಲು ಸುತ್ತು ಸಡಿಲಿಸಿ ಲಿವರ್ ಒತ್ತಿ ನೋಡಿ, ಬೆರಳಿಗೇ ಗೊತ್ತಾಗುತ್ತದೆ.

ಈಗ ರಿಂಗಿಗೆ ಬರೋಣ. ಎರಡೂ ಕೇಬಲ್ ಕಳಚಿ, ಸ್ಪ್ರಿಂಗ್ ತೆಗೆದು, ಕೈಯಿಂದ ಆಡಿಸಿ. ತನ್ನ ಭಾರಕ್ಕೇ ಅದು ಕೆಳಗೆ ಬೀಳಬೇಕು. ಬೀಳದಿದ್ದರೆ ಬೋಲ್ಟಿಗೂ ರಿಂಗಿಗೂ ನಡುವೆ ಕೂರುವ ಪುಟ್ಟ ಕೊಳವೆ, ಅಂದರೆ ಬುಷ್ ನೋಡಿ. ಬುಷ್ಷಿನ ಉದ್ದ ರಿಂಗಿನ ದಪ್ಪಕ್ಕಿಂತ 0.2ರಿಂದ 0.3 ಮಿ.ಮೀ. ಹೆಚ್ಚಿರಬೇಕು. ಆಗ ಬೋಲ್ಟ್ ಬಿಗಿದದ್ದು ಬುಷ್ಷಿನ ಮೇಲೆ ಕೂರುತ್ತದೆ, ರಿಂಗ್ ಬಿಡುವಾಗಿರುತ್ತದೆ. ಚಿಕ್ಕದಾದರೆ ಬೋಲ್ಟ್ ರಿಂಗನ್ನೇ ಹಿಡಿಯುತ್ತದೆ. ನೈಲಾನ್ ಬುಷ್ಷಿಗೆ ಇನ್ನೊಂದು ಗುಣವಿದೆ: ಅದು ನೀರು ಕುಡಿದು ಉಬ್ಬುತ್ತದೆ. ಶೆಡ್ಡಿನಲ್ಲಿ ಸಲೀಸಾಗಿದ್ದ ರಿಂಗ್ ನೀರಿನಲ್ಲಿ ಬಿಗಿದುಕೊಳ್ಳುವ ಗುಟ್ಟು ಇದು. ಬುಷ್ಷನ್ನು ರಾತ್ರಿಯೆಲ್ಲ ಬಕೆಟ್ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ರಿಂಗಿನ ತೂತಿಗೆ ತೂರಿಸಿ ನೋಡಿದರೆ ಸತ್ಯ ತಿಳಿಯುತ್ತದೆ. ಡೆಲ್ರಿನ್ ಎಂಬ ಪ್ಲಾಸ್ಟಿಕ್ ಇದಕ್ಕಿಂತ ಬಹಳ ಕಡಿಮೆ ನೀರು ಹೀರುತ್ತದೆ, ಸಿಕ್ಕರೆ ಅದನ್ನೇ ಹಾಕಿ. ಸ್ಟೇನ್‌ಲೆಸ್ ಬೋಲ್ಟು ಅಲ್ಯೂಮಿನಿಯಂ ನಾಜಲ್ಲಿಗೆ ಹೋಗುವುದರಿಂದ ಮರೈನ್ ಗ್ರೀಸ್ ಹಚ್ಚದೆ ಕೂರಿಸಬಾರದು. ಉಪ್ಪುನೀರಿನಲ್ಲಿ ಎರಡು ಲೋಹ ತಾಗಿಕೊಂಡರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಬೋಲ್ಟನ್ನು ಕಚ್ಚಿಕೊಳ್ಳುತ್ತದೆ.

ರಿಂಗ್ ಹಗುರವಾಗಿ ಆಡುತ್ತಲೇ ಟಕ್ ಎಂದು ನಿಲ್ಲುತ್ತಿದ್ದರೆ ಎಲ್ಲೋ ಬಡಿಯುತ್ತಿದೆ. ಅನುಮಾನವಿರುವ ಅಂಚುಗಳಿಗೆ ಮಾರ್ಕರ್ ಮಸಿ ಬಳಿದು ಹತ್ತು ಸಲ ಆಡಿಸಿ, ಮಸಿ ಉಜ್ಜಿಹೋದ ಜಾಗ ನೋಡಿ. ಕೆಳಗೆ ರೈಡ್ ಪ್ಲೇಟ್ (ಪಂಪಿನ ಅಡಿಯನ್ನು ಮುಚ್ಚುವ ತಗಡು), ಮೇಲೆ ಪಂಪಿನ ಗುಹೆಯ ಫೈಬರ್ ಅಂಚು, ರಿಡಕ್ಷನ್ ನಾಜಲ್ಲಿನ ಬೋಲ್ಟ್ ತಲೆಗಳು: ಸಾಮಾನ್ಯವಾಗಿ ಈ ಮೂರರಲ್ಲೊಂದು. ಬೋಲ್ಟ್ ತಲೆಯಾದರೆ ಚಪ್ಪಟೆ ತಲೆಯದು ಹಾಕಿ. ಉಜ್ಜಲೇಬೇಕಾದರೆ ಒಂದು ಸಲಕ್ಕೆ ಒಂದು ಮಿ.ಮೀ. ಮೀರಬೇಡಿ.

ಇಷ್ಟೆಲ್ಲ ಸರಿಯಿದ್ದೂ ಎರಡೂ ಕೇಬಲ್ ಹಾಕಿದೊಡನೆ ನಾಜಲ್ ಮತ್ತೆ ಅರ್ಧಕ್ಕೆ ನಿಲ್ಲುವುದಿದೆ. ಇಲ್ಲಿ ಅಡ್ಡಿ ಸ್ಟಿಯರಿಂಗ್ ಕೇಬಲ್. ನಾನು ಅತಿ ಹೆಚ್ಚು ಕಂಡ ತಪ್ಪು ಇದು, ಅತಿ ಕಡಿಮೆ ಜನ ನೋಡುವ ಜಾಗವೂ ಇದೇ. ಸ್ಟಿಯರಿಂಗ್ ಕೇಬಲ್ ನಾಜಲ್ಲಿಗೆ ಸೇರುವ ಬಾಲ್ ಜಾಯಿಂಟ್ ಟ್ರಿಮ್ಮಿನ ತಿರುಗು ರೇಖೆಯಿಂದ 60 ಮಿ.ಮೀ. ಹಿಂದಿದೆ ಎಂದುಕೊಳ್ಳಿ. ನಾಜಲ್ 15 ಡಿಗ್ರಿ ಎದ್ದರೆ ಬಾಲ್ 15.5 ಮಿ.ಮೀ. ಏರುತ್ತದೆ. ಕೇಬಲ್ಲಿನ ತುದಿಯ ಸರಳೂ ಅದರ ಜೊತೆ ಏರಬೇಕು. ಆ ಸರಳಿನ ಬಿಡುವಾದ ಉದ್ದ 100 ಮಿ.ಮೀ. ಆದರೆ ಅದು ಸುಮಾರು 9 ಡಿಗ್ರಿ ವಾಲಬೇಕಾಗುತ್ತದೆ. ಆದರೆ ಇಂಥ ತಳ್ಳು-ಎಳೆ ಕೇಬಲ್‌ಗಳ ಸರಳು ಸಾಮಾನ್ಯವಾಗಿ 8 ಡಿಗ್ರಿಯವರೆಗಷ್ಟೇ ವಾಲುತ್ತದೆ. ಹಾಗಾಗಿ ನಾಜಲ್ 13 ಡಿಗ್ರಿ ದಾಟುವಷ್ಟರಲ್ಲಿ ಬಿಗಿದು ನಿಲ್ಲುತ್ತದೆ, ಹಳೆಯ ಸರಳಾದರೆ ಇನ್ನೂ ಮೊದಲೇ. ಹ್ಯಾಂಡಲ್ ತಿರುಗಿಸಿದಾಗ ಸರಳು ಒಳಗೆ ಹೋಗಿ ಗಿಡ್ಡವಾಗುವುದರಿಂದ ಒಂದು ಕಡೆಗೆ ತಿರುಗಿದಾಗ ಟ್ರಿಮ್ ಇನ್ನೂ ಕಡಿಮೆ ಬರುತ್ತದೆ. ನಾಲ್ಕನೇ ಅಂಕಿ ತೆಗೆದದ್ದು ಇದಕ್ಕೇ.

ಪರಿಹಾರ ಸುಲಭ. ನಾಜಲ್ ನೇರವಿರುವಾಗ ಸರಳು ಮಟ್ಟವಾಗಿರಲಿ ಎಂದು ಎಲ್ಲರೂ ಜೋಡಿಸುತ್ತಾರೆ. ಹಾಗಲ್ಲ, ನಾಜಲ್ ತನ್ನ ಓಡಾಟದ ನಡುಮಧ್ಯದಲ್ಲಿರುವಾಗ ಅದು ಮಟ್ಟವಾಗಿರಬೇಕು. 0ಯಿಂದ 15 ಡಿಗ್ರಿ ಏರುವ ನಾಜಲ್ ಆದರೆ ಕೇಬಲ್ ಬ್ರಾಕೆಟ್ಟಿನ ಕೆಳಗೆ 8 ಮಿ.ಮೀ. ಸ್ಪೇಸರ್ ಕೊಟ್ಟು ಎತ್ತಿ. ಆಗ ಸರಳು ಕೆಳಗೆ ನಾಲ್ಕೂವರೆ, ಮೇಲೆ ನಾಲ್ಕೂವರೆ ಡಿಗ್ರಿ ಹಂಚಿಕೊಂಡು ಸಲೀಸಾಗಿ ಆಡುತ್ತದೆ. ಬಾಲ್ ಜಾಯಿಂಟಿನ ಬಟ್ಟಲು ಬೋಲ್ಟಿಗೆ ತಾಗುತ್ತಿಲ್ಲವೇ ಎಂದು ಎರಡೂ ಕೊನೆಯಲ್ಲಿ, ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ನೋಡಿ, ಲಾಕ್ ನಟ್ ಬಿಗಿಯಿರಿ.

ಓಡಾಟ ಸಿಕ್ಕಿತೆಂದು 20 ಡಿಗ್ರಿಗೆ ಎಳೆಯುವ ಆಸೆ ಬೇಡ. ಅತಿಯಾಗಿ ವಾಲಿದರೆ ಧಾರೆ ಸ್ಟಿಯರಿಂಗ್ ನಾಜಲ್ಲಿನ ಒಳಗೋಡೆಗೆ ಬಡಿದು, ರಿಂಗಿನ ಸಂದಿಯಿಂದ ನೀರು ಚಿಮ್ಮಿ, ತಳ್ಳುವ ಬಲವೇ ಕುಸಿಯುತ್ತದೆ. ಸುಮಾರು 15 ಡಿಗ್ರಿಗೆ ನಾನು ನಿಲ್ಲಿಸುತ್ತೇನೆ. ಸ್ಪ್ರಿಂಗ್ ವಾಪಸ್ ತರುವಷ್ಟು ಮಾತ್ರ ಗಟ್ಟಿ ಇರಲಿ. ಹೆಚ್ಚು ಗಟ್ಟಿಯಾದರೆ ಔಟರ್ ಕುಗ್ಗಿ, ಗಳಿಸಿದ ಮಿಲಿಮೀಟರು ಮತ್ತೆ ಅಲ್ಲಿ ಹೋಗುತ್ತದೆ.

ಹೊಸ ಕೇಬಲ್ ಹಾಕಿದ್ದರೆ ಒಂದೆರಡು ಗಂಟೆ ಓಡಿಸಿದ ಮೇಲೆ ಮತ್ತೆ ಅಳೆಯಿರಿ. ತುದಿಗಳು ಕೂತುಕೊಂಡು ಒಂದೆರಡು ಮಿ.ಮೀ. ಸಡಿಲಾಗಿರುತ್ತದೆ, ಲಿವರಿನ ಬಳಿಯ ಅಡ್ಜಸ್ಟರ್ ತಿರುಗಿಸಿ ಅದನ್ನು ತೆಗೆದು, ಬಿಟ್ಟಾಗ ನಾಜಲ್ ಪೂರ್ತಿ ಕೆಳಗೆ ಬರುತ್ತದೆಯೇ ಎಂದು ನೋಡಿ ಲಾಕ್ ಮಾಡಿ.